ಶರಣೆಯರ ವಚನಗಳನ್ನು ಓದುವ ಬಗೆ

ವಚನ ವಾಙ್ಮಯದಲ್ಲಿ ಸ್ತ್ರೀಯರಿಗೆ ದೊರೆತ ಸ್ಥಾನವನ್ನು ಕುರಿತು ನಮ್ಮಲ್ಲಿ ಉಪನ್ಯಾಸಗಳಿಗೆ ಕೊರತೆಯಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೆಣ್ಣುಮಕ್ಕಳು ಅನುಭಾವಗೋಷ್ಠಿಯಲ್ಲಿ ಗಂಡಸರ ಸರಿಸಮವಾಗಿ ಕುಳಿತರು, ಪ್ರಶ್ನಿಸಿದರು, ಉತ್ತರವಿತ್ತರು, ವಚನಗಳನ್ನು ನುಡಿದರು ಎಂದು ಪ್ರತಿವರ್ಷ ಬಸವಜಯಂತಿಯ ದಿನ ಹೇಳುತ್ತೇವೆ. ಹೇಳಿದುದನ್ನು ಕೇಳಿ ಹೆಮ್ಮೆಪಡುತ್ತೇವೆ. ಹೆಮ್ಮೆಪಡತಕ್ಕ ವಿಷಯವೇ ಅದು. ಆದರೆ ಅವರು ನುಡಿದುದನ್ನು ನಾವು ಓದಿದ್ದೇವೆಯೇ, ಓದಿದ್ದರೆ ಯಾವ ಬಗೆಯಲ್ಲಿ ಓದಿದ್ದೇವೆ ಎಂಬ ಪ್ರಶ್ನೆಯನ್ನು ಕೇಳಿಕೊಂಡವರು ಕಡಮೆ. ಗೋಷ್ಠಿಯಲ್ಲಿ ಪೀಠ ಕೊಟ್ಟು, ಪುಸ್ತಕದಲ್ಲಿ ಹಾಳಿ ತಿರುವಿ ಹಾಕಿದರೆ ಕೊಟ್ಟ ಪೀಠಕ್ಕೆ ಏನು ಅರ್ಥ ಉಳಿಯಿತು?

ಈ ಮಾತನ್ನು ಇನ್ನೊಬ್ಬರ ಮೇಲೆ ಹೊರಿಸಿ ಬರೆಯುವ ಅಧಿಕಾರ ನನಗಿಲ್ಲ. ನಮ್ಮ ಮನೆಯಲ್ಲಿ ಶ್ರಾವಣಮಾಸದ ಸಂಜೆ ಲಿಂಗಪೂಜೆಯಾದ ಮೇಲೆ ವಚನಗಳನ್ನು ಓದುವ ಪದ್ಧತಿ ಹಿಂದಿನಿಂದಲೂ ಉಂಟು. ಮೊದಲು ದೊಡ್ಡಪ್ಪನವರು ಓದುತ್ತಿದ್ದರು. ಅವರ ಕಣ್ಣು ಮಂದವಾದ ಮೇಲೆ ಆ ಸೇವೆ ನನಗೆ ಬಂತು. ಶಿವಶರಣೆಯರ ವಚನಗಳನ್ನು ಓದುವ ದಿನಗಳಲ್ಲಿ ಒಂದೆಡೆ ದೊಡ್ಡಪ್ಪನವರು ಕೆಮ್ಮಿ, ಎರಡು ಹಾಳಿ ಒಟ್ಟಿಗೆ ತಿರುವುತ್ತಿದ್ದುದನ್ನು ಹುಡುಗನಾಗಿದ್ದಾಗ ಕಂಡಿದ್ದೆ. ಓದುವ ಸರದಿ ನನ್ನದಾದಾಗ ಅದೇ ಜಾಗದಲ್ಲಿ ನಾನೂ ಕೆಮ್ಮಿದೆ, ನಾನೂ ತಿರುವಿದೆ. ಹಲವು ವರ್ಷ ಹೀಗೆಯೇ ನಡೆಯಿತು. ಒಂದು ಸಂಜೆ, ತವರಿಗೆ ಬಂದಿದ್ದ ನಮ್ಮ ಅಕ್ಕ ಬತ್ತಿ ಹೊಸೆಯುತ್ತ ಕುಳಿತಿದ್ದವಳು ತಲೆ ಎತ್ತದೆ ಕೇಳಿದಳು: “ಯಾಕೋ ತಮ್ಮಾ, ಎರಡು ಹಾಳಿ ಒಮ್ಮೆಲೇ ತಿರುವಿದಿ?” ಹಾಳಿ ಅಂಟಿಕೊಂಡಿದ್ದವು ಎಂದೆ. “ದೊಡ್ಡಪ್ಪ ಓದುವಾಗಲೂ ಅಲ್ಲೇ ಅಂಟಿಕೊಳ್ಳುತ್ತಿದ್ದವು” ಎಂದಳು. ಕುಳಿತಿದ್ದ ಹೆಣ್ಣುಮಕ್ಕಳಲ್ಲಿ ಯಾರೂ ನಗಲಿಲ್ಲ. ಅಂದರೆ ಎಲ್ಲರಿಗೂ ಗೊತ್ತಿತ್ತು.

ಬಿಟ್ಟ ಆ ಹಾಳಿಯಲ್ಲಿ ಇದ್ದುದು ಸೂಳೆ ಸಂಕವ್ವೆಯವರ ವಚನ. ಅವರ ವಿಷಯಕ್ಕೆ ಮುಂದೆ ಬರುವೆನು.

ಓದಿನಲ್ಲಿ ಯಾರ ಮಾತು ಇದೆ, ಯಾರದು ಬಿಟ್ಟುಹೋಗಿದೆ, ಬಿಟ್ಟವರು ಯಾರು, ಇದ್ದ ಮಾತನ್ನಾದರೂ ಯಾರ ಕಣ್ಣಿನಿಂದ ಓದುತ್ತಿದ್ದೇವೆ ಎಂದು ವಿಚಾರಿಸುವುದನ್ನು ಈಗಿನ ವಿದ್ವಾಂಸರು ಸ್ತ್ರೀವಾದಿ ಓದು ಎಂದು ಕರೆಯುತ್ತಾರೆ. ಹೆಸರು ಹೊಸದು, ಕೇಳಿದೊಡನೆ ನಮ್ಮ ಹಿರಿಯರಲ್ಲಿ ಕೆಲವರು ಹುಬ್ಬುಗಂಟಿಕ್ಕುವುದೂ ಉಂಟು. ಇಂಗ್ಲೆಂಡಿನ ಲೇಖಕಿ ವರ್ಜೀನಿಯಾ ವುಲ್ಫ್ 1929ರಲ್ಲಿ ಪ್ರಕಟಿಸಿದ ಒಂದು ಪುಸ್ತಕದಲ್ಲಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯಕ್ಕೆ ಹೋಗಿ ಸ್ತ್ರೀಯರ ವಿಷಯವಾಗಿ ಏನೇನು ಗ್ರಂಥಗಳಿವೆಯೆಂದು ನೋಡಿದರೆ, ಅವುಗಳಲ್ಲಿ ಅಷ್ಟೊಂದನ್ನು ಗಂಡಸರೇ ಬರೆದಿರುವುದನ್ನು ಕಂಡು ಬೆರಗಾದ ಸಂಗತಿ ಬರುತ್ತದೆ. ಹೆಂಗಸು ಪುಸ್ತಕದ ವಿಷಯವಾಗಿದ್ದಳು, ಪುಸ್ತಕದ ಕರ್ತೃವಾಗಿರಲಿಲ್ಲ ಎಂಬುದು ಅವರ ಅಳಲು. ನಮ್ಮ ಸ್ಥಿತಿ ಅದಕ್ಕಿಂತ ಭಿನ್ನವಾದುದು. ನಮ್ಮಲ್ಲಿ ಕರ್ತೃಗಳೇ ಇದ್ದಾರೆ. ಒಬ್ಬಿಬ್ಬರಲ್ಲ, ವಚನಗಳು ಉಳಿದು ಬಂದಿರುವ ಶರಣೆಯರೇ ಮೂವತ್ತಕ್ಕೂ ಮೀರಿದ್ದಾರೆ. ಇಷ್ಟು ದೊಡ್ಡ ಆಸ್ತಿಯಿದ್ದೂ ಓದುವ ಬಗೆಯನ್ನು ಅರಿಯದಿರುವುದು ಇಲ್ಲದವರ ಬಡತನಕ್ಕಿಂತ ಹೆಚ್ಚಿನ ಬಡತನ.

ಈ ವಚನಗಳು ನಮ್ಮ ಕೈಗೆ ಬಂದ ದಾರಿಯನ್ನು ಮೊದಲು ನೆನೆಯಬೇಕು. ಮಠಗಳಲ್ಲಿ, ಭಕ್ತರ ಮನೆಗಳ ಅಟ್ಟಗಳಲ್ಲಿ ತಾಡವೋಲೆಯ ಕಟ್ಟುಗಳಾಗಿ ಪೂಜೆಗೊಳ್ಳುತ್ತ, ಓದಿಸಿಕೊಳ್ಳದೆ ಇದ್ದವನ್ನು ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು (1880–1964) ಊರೂರು ಅಲೆದು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು; 1926ರಿಂದ ‘ಶಿವಾನುಭವ’ ಪತ್ರಿಕೆಯ ಮೂಲಕ ಆ ಕಾರ್ಯವನ್ನು ಮುಂದುವರಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಆರ್. ಸಿ. ಹಿರೇಮಠರ ಸಂಪಾದಕತ್ವದಲ್ಲಿ ಶಿವಶರಣೆಯರ ವಚನಗಳು 1968ರಲ್ಲಿ ಒಂದೆಡೆ ಬಂದವು. ಬಳಿಕ 1993ರಲ್ಲಿ ಕರ್ನಾಟಕ ಸರ್ಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳನ್ನು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿತು. ಅವುಗಳಲ್ಲಿ ಐದನೆಯದು, ವೀರಣ್ಣ ರಾಜೂರರು ಸಂಪಾದಿಸಿದ ಶಿವಶರಣೆಯರ ವಚನ ಸಂಪುಟ. ಇವರೆಲ್ಲರ ಋಣ ನಮ್ಮ ಮೇಲಿದೆ. ಋಣವನ್ನು ನೆನೆದೇ ಮುಂದಿನ ಮಾತನ್ನು ಹೇಳುತ್ತೇನೆ.

ಆ ಹದಿನೈದು ಸಂಪುಟಗಳನ್ನು ಕಪಾಟಿನಲ್ಲಿ ಸಾಲಾಗಿ ಇಟ್ಟು ನೋಡಿರಿ. ಬಸವಣ್ಣನವರಿಗೆ ಒಂದು, ಅಲ್ಲಮಪ್ರಭುಗಳಿಗೆ ಒಂದು, ಚೆನ್ನಬಸವಣ್ಣನವರಿಗೆ ಒಂದು, ಸಿದ್ಧರಾಮರಿಗೆ ಒಂದು. ಐದನೆಯದರಲ್ಲಿ ಶರಣೆಯರೆಲ್ಲರೂ. ನಾನೂರಕ್ಕೂ ಹೆಚ್ಚು ವಚನಗಳ ಅಕ್ಕಮಹಾದೇವಿಯವರೂ ಅಲ್ಲಿಯೇ, ಒಂದೇ ವಚನದ ಸಂಕವ್ವೆಯವರೂ ಅಲ್ಲಿಯೇ. ಇದು ಸಂಪಾದಕರ ತಪ್ಪೆಂದು ನಾನು ಹೇಳುತ್ತಿಲ್ಲ. ಒಟ್ಟಿಗೆ ಇಟ್ಟುದರಿಂದಲೇ ಎಷ್ಟೋ ಸಣ್ಣ ಹೆಸರುಗಳು ಕಳೆದುಹೋಗದೆ ಉಳಿದವು. ಇಲ್ಲವಾಗಿದ್ದರೆ ಸಂಕೀರ್ಣ ಸಂಪುಟಗಳ ನೂರಾರು ಶರಣರ ನಡುವೆ ಅವರನ್ನು ಹುಡುಕುವುದು ಕಷ್ಟವಾಗುತ್ತಿತ್ತು. ಆದರೂ ಓದುಗನ ಮನಸ್ಸಿನಲ್ಲಿ ಒಂದು ಪರಿಣಾಮ ಆಗಿಯೇ ಆಗುತ್ತದೆ. ಶರಣರನ್ನು ಅವರ ತತ್ತ್ವದಿಂದ, ಕಾಯಕದಿಂದ ಬೇರೆಬೇರೆಯಾಗಿ ಗುರುತಿಸುವ ನಾವು, ಶರಣೆಯರನ್ನು ಹೆಣ್ಣುಮಕ್ಕಳು ಎಂಬ ಒಂದೇ ಗುರುತಿನಿಂದ ಒಟ್ಟಾಗಿ ಗುರುತಿಸುತ್ತೇವೆ. ಮೂವತ್ತು ಜನರನ್ನು ಒಂದೇ ಕೋಣೆಯಲ್ಲಿ ಕೂಡ್ರಿಸಿ, ಅಕ್ಕನವರನ್ನು ಮಾತನಾಡಿಸಿ, ಉಳಿದವರಿಗೆ ಶರಣು ಹೇಳಿ ಹೊರಬಂದಂತೆ ಆಗುತ್ತದೆ ನಮ್ಮ ಓದು.

ಇನ್ನು ಹೆಸರುಗಳನ್ನು ನೋಡೋಣ. ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ, ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಕಾಳವ್ವೆ, ಸಿದ್ಧಬುದ್ಧಯ್ಯಗಳ ಪುಣ್ಯಸ್ತ್ರೀ ಕಾಳವ್ವೆ. ಎಡೆಮಠದ ನಾಗಿದೇವಯ್ಯಗಳ ಪುಣ್ಯಸ್ತ್ರೀ ಮಸಣಮ್ಮ, ಗುಂಡಯ್ಯಗಳ ಪುಣ್ಯಸ್ತ್ರೀ ಕೇತಲದೇವಿ. ಸಂಪ್ರದಾಯವು ಇವರನ್ನು ನಮಗೆ ಹೀಗೆ ಒಪ್ಪಿಸಿದೆ. ಮೂವರು ಕಾಳವ್ವೆಯರನ್ನು ಬೇರ್ಪಡಿಸುವುದಕ್ಕೆ ಗಂಡನ ಹೆಸರು ಬೇಕಾಯಿತು, ಅದರಲ್ಲಿ ದೋಷವೇನು ಎಂದು ಕೇಳಬಹುದು. ಗಂಡಸರಲ್ಲಿಯೂ ಒಂದೇ ಹೆಸರಿನವರು ಎಷ್ಟೋ ಜನರಿದ್ದಾರೆ. ಮಾರಯ್ಯ ಎಂಬ ಹೆಸರೇ ಸಾಕು. ಅವರನ್ನು ಬೇರ್ಪಡಿಸಿದ್ದು ಕಾಯಕದಿಂದ: ಆಯ್ದಕ್ಕಿಯ ಮಾರಯ್ಯ, ಮೋಳಿಗೆಯ ಮಾರಯ್ಯ. ಹೆಂಡತಿಯ ಹೆಸರಿನಿಂದ ಬೇರ್ಪಟ್ಟ ಶರಣನನ್ನು ನಾನು ಇನ್ನೂ ಕಂಡಿಲ್ಲ. ಕೂಲಿಗೆ ಭತ್ತ ಕುಟ್ಟುತ್ತಿದ್ದ ಕೊಟ್ಟಣದ ಸೋಮವ್ವೆ, ನೂಲು ತೆಗೆಯುತ್ತಿದ್ದ ಕದಿರೆ ರೆಮ್ಮವ್ವೆ ಮೊದಲಾದ ಕೆಲವರು ಮಾತ್ರ ತಮ್ಮ ಕೆಲಸದ ಹೆಸರನ್ನು ತಾವೇ ಹೊತ್ತು ಬಂದಿದ್ದಾರೆ.

ಹೆಸರಿನ ಮಾತು ಬಂದಾಗ ನಮ್ಮ ವ್ಯಾಕರಣದ ಮಾತನ್ನೂ ಆಡಬೇಕು. “ಬಸವಣ್ಣನವರು ಹೇಳಿದ್ದಾರೆ” ಎಂದು ಬರೆಯುವ ಲೇಖನಿಯೇ ಮುಂದಿನ ಸಾಲಿನಲ್ಲಿ “ಲಕ್ಕಮ್ಮ ಹೇಳುತ್ತಾಳೆ” ಎಂದು ಬರೆಯುತ್ತದೆ. ಪ್ರೀತಿಯಿಂದ ತಾಯಿಯನ್ನು ಏಕವಚನದಲ್ಲಿ ಕರೆಯುತ್ತೇವಲ್ಲವೇ ಎಂದು ಸಮಾಧಾನ ಹೇಳುವವರಿದ್ದಾರೆ. ಹಾಗಾದರೆ ತಂದೆಗೆ ಆ ಪ್ರೀತಿ ಏಕೆ ಇಲ್ಲ? ನನ್ನ ಹಳೆಯ ಟಿಪ್ಪಣಿಗಳನ್ನು ತೆಗೆದು ನೋಡಿದರೆ ನಾನೂ ಹೀಗೆಯೇ ಬರೆದಿದ್ದೇನೆ. ಈ ಲೇಖನದಲ್ಲಿ ತಿದ್ದಿಕೊಂಡಿದ್ದೇನೆ. ಎಲ್ಲಿಯಾದರೂ ಜಾರಿದ್ದರೆ ವಾಚಕರು ಎತ್ತಿ ತೋರಿಸಬೇಕು.

ಆದರೆ ಅಂಕಿತಗಳ ವಿಷಯದಲ್ಲಿ ಅವಸರದ ತೀರ್ಮಾನ ಸಲ್ಲದು. ಲಕ್ಕಮ್ಮನವರ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಹಡಪದ ಅಪ್ಪಣ್ಣನವರ ಸತಿ ಲಿಂಗಮ್ಮನವರದು ಅಪ್ಪಣ್ಣಪ್ರಿಯ ಚೆನ್ನಬಸವಣ್ಣ. ಜೇಡರ ದಾಸಿಮಯ್ಯನವರ ಸತಿ ದುಗ್ಗಳೆಯವರದು ದಾಸಯ್ಯಪ್ರಿಯ ರಾಮನಾಥ. ನೋಡಿರಿ, ದೇವರ ಹೆಸರಿನ ಮುಂದೆಯೂ ಗಂಡನ ಹೆಸರು ಬಂದು ನಿಂತಿತು ಎಂದು ಹೊಸಗಾಲದ ಓದುಗರು ಹೇಳಬಹುದು. ಆದರೆ ಅಪ್ಪಣ್ಣನವರ ಅಂಕಿತವೇ ಬಸವಪ್ರಿಯ ಕೂಡಲಚೆನ್ನಬಸವಣ್ಣ ಎಂದಿದೆ. ಪ್ರಿಯ ಎಂಬ ಪದವು ತನಗೆ ಅರಿವನ್ನಿತ್ತವರ ಸ್ಮರಣೆಯಾಗಿ ಗಂಡಸರ ಅಂಕಿತಗಳಲ್ಲಿಯೂ ಬಂದಿರುವಾಗ, ಹೆಂಗಸರ ಅಂಕಿತದಲ್ಲಿ ಮಾತ್ರ ಅದನ್ನು ಅಧೀನತೆಯೆಂದು ಓದಲಾಗದು. ಮುಕ್ತಾಯಕ್ಕನವರು ಅಣ್ಣನಾದ ಅಜಗಣ್ಣನ ಹೆಸರನ್ನೇ ಅಂಕಿತ ಮಾಡಿಕೊಂಡರು. ಅವರಿಗೆ ಅಣ್ಣನೇ ಗುರು. ಬಸವಣ್ಣನವರ ಅಕ್ಕ ನಾಗಮ್ಮನವರು ಬಸವಣ್ಣಪ್ರಿಯ ಚೆನ್ನಸಂಗಯ್ಯ ಎಂದರು. ತಾವು ಎತ್ತಿ ಆಡಿಸಿದ ತಮ್ಮನನ್ನೇ ಗುರುವೆಂದು ಕಂಡ ಅಕ್ಕ ಅವರು. ಇಲ್ಲೆಲ್ಲ ಒಂದೊಂದು ಸಂಬಂಧದ ಇತಿಹಾಸವಿದೆ. ಅದನ್ನು ಒಂದೊಂದಾಗಿಯೇ ಓದಬೇಕು.

ಅಕ್ಕಮಹಾದೇವಿಯವರ ಚರಿತೆಯನ್ನು ನಾವು ಅರಿತಿರುವುದು ಬಹುಮಟ್ಟಿಗೆ ಗಂಡಸರು ಬರೆದ ಕಾವ್ಯಗಳಿಂದ. ಹರಿಹರನ ರಗಳೆಯಲ್ಲಿ ಕೌಶಿಕರಾಜನೊಡನೆ ಅವರ ವಿವಾಹವಾಗುತ್ತದೆ. ಇಟ್ಟ ಕರಾರುಗಳನ್ನು ಅವನು ಮುರಿದಾಗ ಅವರು ಹೊರಟುಬಿಡುತ್ತಾರೆ. ಹದಿನೈದನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ವಿವಾಹವೇ ಇಲ್ಲ. ಅಕ್ಕನವರಿಗೆ ಮದುವೆಯಾಗಿತ್ತೆ, ಇಲ್ಲವೆ ಎಂದು ನಮ್ಮ ವಿದ್ವಾಂಸರು ಪುಟಗಟ್ಟಲೆ ಚರ್ಚಿಸಿದ್ದಾರೆ. ಸೋದರಿಯರು ಕೂಡಿದ ಒಂದು ಅಕ್ಕನ ಬಳಗದಲ್ಲಿ ಈ ಪ್ರಶ್ನೆಯನ್ನು ನಾನು ಎತ್ತಿದಾಗ ಒಬ್ಬ ವೃದ್ಧ ತಾಯಿಯವರು, ಮದುವೆಯಾಗಿದ್ದರೆ ಅವರ ವಚನದ ತೂಕ ಕಡಮೆಯಾಗುವುದೇ ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಶರಣನೊಬ್ಬನಿಗೆ ಎಷ್ಟು ಮದುವೆಗಳಾದವು ಎಂಬುದರಿಂದ ಆತನ ಅನುಭಾವದ ಪರಿಶುದ್ಧತೆಯನ್ನು ನಾವು ಅಳೆಯುವುದಿಲ್ಲವಷ್ಟೆ.

ಇಲ್ಲಿ ಶರಣಸತಿ ಲಿಂಗಪತಿ ಭಾವವನ್ನು ಸ್ವಲ್ಪ ನಿಂತು ನೋಡಬೇಕು. ಈ ಭಾವದಿಂದ ನುಡಿದವರು ಹೆಂಗಸರು ಮಾತ್ರವಲ್ಲ. ಉರಿಲಿಂಗದೇವರಂಥವರು ತಮ್ಮನ್ನು ಸತಿಯೆಂದೇ ಭಾವಿಸಿ ಅತ್ಯಂತ ಮಧುರವಾಗಿ ನುಡಿದಿದ್ದಾರೆ. ಹಾಗಾದರೆ ಅವರ ವಚನವೂ ಅಕ್ಕನವರ ವಚನವೂ ಒಂದೇ ಸ್ಥಿತಿಯಿಂದ ಹುಟ್ಟಿದವೇ? ತತ್ತ್ವದಲ್ಲಿ ಹೌದು. ಬಾಳಿನಲ್ಲಿ ಅಲ್ಲ. ಗಂಡಸು ತಾನು ಸತಿಯೆಂದು ಹಾಡಿದರೆ ಭಕ್ತಿಯ ಪರಾಕಾಷ್ಠೆಯೆಂದು ಲೋಕ ತಲೆದೂಗುತ್ತದೆ; ಆತನು ಅದಕ್ಕಾಗಿ ಮನೆ ಬಿಡಬೇಕಾಗಿಲ್ಲ. ಹೆಣ್ಣು ಚೆನ್ನಮಲ್ಲಿಕಾರ್ಜುನನೇ ನನ್ನ ಪತಿಯೆಂದರೆ, ಕೈ ಹಿಡಿಯ ಬಂದ ಅರಸನಿಗೆ ಇಲ್ಲವೆಂದಂತಾಯಿತು. ಅರಮನೆ ಬಿಡಬೇಕು, ಉಡುತಡಿ ಬಿಡಬೇಕು, ದಾರಿಯಲ್ಲಿ ನೋಡುವವರ ಕಣ್ಣನ್ನು ಸಹಿಸಬೇಕು, ಕಲ್ಯಾಣಕ್ಕೆ ಬಂದ ಮೇಲೂ ತನ್ನ ಪತಿ ಯಾರು, ಕೇಶದಿಂದ ಮೈ ಮುಚ್ಚಿಕೊಂಡುದೇಕೆ ಎಂಬ ಪ್ರಭುದೇವರ ಪ್ರಶ್ನೆಗಳಿಗೆ ತುಂಬಿದ ಸಭೆಯಲ್ಲಿ ಉತ್ತರ ಹೇಳಬೇಕು. ರೂಪಕ ಒಂದೇ ಆದರೂ ತೆತ್ತ ಬೆಲೆ ಒಂದೇ ಅಲ್ಲ. ಸ್ತ್ರೀವಾದಿ ಓದು ಎಂಬುದು ಈ ಬೆಲೆಯನ್ನು ನಮಗೆ ನೆನಪಿಸುವುದಾದರೆ ಅದರಿಂದ ಅಂಜುವ ಕಾರಣವಿಲ್ಲ.

ಮುಕ್ತಾಯಕ್ಕನವರ ಪ್ರಸಂಗವನ್ನು ಶೂನ್ಯಸಂಪಾದನೆಯಲ್ಲಿ ಓದಿದವರಿಗೆ, ಅಣ್ಣನ ಅಗಲಿಕೆಯಿಂದ ಶೋಕಿಸುತ್ತಿದ್ದ ತಂಗಿಗೆ ಪ್ರಭುದೇವರು ಬೋಧೆ ಮಾಡಿದರು ಎಂಬ ನೆನಪು ಉಳಿಯುತ್ತದೆ. ಶೂನ್ಯಸಂಪಾದನೆಯನ್ನು ಕಟ್ಟಿದ ನಾಲ್ವರೂ ಗಂಡಸರೇ. ಪ್ರಭುದೇವರೇ ಅದರ ನಾಯಕರು. ಆದುದರಿಂದ ಕಥೆಯ ಒಲವು ಆ ಕಡೆಗೆ ಇರುವುದು ಸಹಜ. ಆದರೆ ಆಕೆಯ ಮಾತುಗಳನ್ನಷ್ಟೇ ಬೇರೆ ತೆಗೆದು ಒಮ್ಮೆ ಓದಿರಿ. ಆಕೆ ಬಾಯಿ ಮುಚ್ಚಿ ಕೇಳುವ ಶಿಷ್ಯೆಯಲ್ಲ. ಮೌನಕ್ಕೆ ನಿಲುಕಿದವರಿಗೆ ಮಾತಿನ ಅವಲಂಬನ ಇನ್ನೂ ಏಕೆ ಬಿಟ್ಟಿಲ್ಲವೆಂದು ಪ್ರಭುದೇವರನ್ನೇ ಕೇಳುತ್ತಾರೆ. ಒಪ್ಪುವುದಕ್ಕೆ ಮೊದಲು ಪರೀಕ್ಷಿಸುತ್ತಾರೆ. (“ಆಕೆ” ಎಂದು ಬರೆದೆ, ಜಾರಿತು. ಹೀಗೆ ಜಾರುವುದು ಎಷ್ಟು ಸುಲಭವೆಂದು ತಿಳಿಯಲೆಂದು ಅಳಿಸದೆ ಬಿಟ್ಟಿದ್ದೇನೆ.)

ಸಂಸಾರಸ್ಥರಾದ ನಮಗೆ ಎಲ್ಲರಿಗಿಂತ ಹತ್ತಿರದವರು ಆಯ್ದಕ್ಕಿ ಲಕ್ಕಮ್ಮನವರು. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ದಂಪತಿಗಳ ಕಾಯಕ. ಒಂದು ದಿನ ಮಾರಯ್ಯನವರು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರಹೇಳಿದರು. ಈ ಕಥೆಯನ್ನು ನಾವು ಮದುವೆಯ ಮಂಟಪಗಳಲ್ಲಿ ಹೇಳುತ್ತೇವೆ. ಸೊಸೆಯಾಗಿ ಬಂದವಳು ಲಕ್ಕಮ್ಮನಂತೆ ಮಿತವ್ಯಯಿಯಾಗಿರಲಿ, ಆಸೆಬುರುಕಿಯಾಗದಿರಲಿ ಎಂದು ಹರಸುತ್ತೇವೆ. ಕಥೆಯನ್ನು ಇನ್ನೊಮ್ಮೆ ನೋಡಿರಿ. ಹೆಚ್ಚಿಗೆ ತಂದವರು ಯಾರು? ತಿದ್ದಿದವರು ಯಾರು? ಬುದ್ಧಿವಾದ ಬೇಕಾದುದು ಅಳಿಯನಿಗೆ. ನಾವು ಹೇಳುತ್ತಿರುವುದು ಸೊಸೆಗೆ! ಲಕ್ಕಮ್ಮನವರ ವಚನಗಳಲ್ಲಿ ಮನೆವಾರ್ತೆಯ ಜಾಣತನಕ್ಕಿಂತ ದೊಡ್ಡದಾದ ಒಂದು ವಿಚಾರವಿದೆ. ಬಡತನವೆಂಬುದು ಕೈಯಲ್ಲಿ ಇಲ್ಲದಿರುವುದಲ್ಲ, ಮನಸ್ಸು ಬಡವಾಗುವುದು. ಕಾಯಕ ಶುದ್ಧವಾಗಿದ್ದವನಿಗೆ ಕೊರತೆಯೆಂಬುದೇ ಇಲ್ಲ. ಬೇಕಾದುದಕ್ಕಿಂತ ಹೆಚ್ಚು ತರುವುದು ಭಕ್ತಿಯಲ್ಲ, ಆಸೆ ಎಂಬುದು ಅವರ ನಿಲುವಿನ ಸಾರ. ಕಾಯಕತತ್ತ್ವವನ್ನು ವಿವರಿಸುವ ಗ್ರಂಥಗಳಲ್ಲಿ ಈ ವಿಚಾರವು ಮೊದಲ ಅಧ್ಯಾಯದಲ್ಲಿ ಬರಬೇಕು. ಬಹಳಷ್ಟು ಸಲ ಅದು ಕೊನೆಯಲ್ಲಿ, ಶರಣದಂಪತಿಗಳು ಎಂಬ ತಲೆಬರಹದ ಕೆಳಗೆ ಬರುತ್ತದೆ.

ದೂಪದ ಗೊಗ್ಗವ್ವೆಯವರು ಇನ್ನೂ ನೇರ. ಗಂಡು ಬಯಸಿ ಹೆಣ್ಣನ್ನು ವರಿಸಿದರೆ ಆ ಹೆಣ್ಣು ಅವನ ಸೊತ್ತಾದಳೆಂದು ಲೋಕ ಹೇಳುತ್ತದೆ. ಹೆಣ್ಣೇ ಬಯಸಿ ಗಂಡನ್ನು ವರಿಸಿದರೆ ಆಗ ಲೋಕದ ಉತ್ತರವೇನು ಎಂಬ ಅರ್ಥದ ಪ್ರಶ್ನೆಯನ್ನು ಅವರು ಇಟ್ಟಿದ್ದಾರೆ. ಎಂಟುನೂರು ವರ್ಷಗಳ ಹಿಂದಿನ ಪ್ರಶ್ನೆ ಅದು. ಶಂಭುಜಕ್ಕೇಶ್ವರ ಅಂಕಿತದ ಸತ್ಯಕ್ಕನವರು, ದೇಹದ ಚಿಹ್ನೆಗಳನ್ನು ಕಂಡು ಇದು ಹೆಣ್ಣು, ಇದು ಗಂಡು ಎಂದು ನಿರ್ಣಯಿಸುವುದು ಲೋಕದ ರೀತಿಯೇ ಹೊರತು ಬಲ್ಲವರ ರೀತಿಯಲ್ಲ ಎಂದರು. ಉರಿಲಿಂಗಪೆದ್ದಿಗಳ ಸತಿ ಕಾಳವ್ವೆಯವರು ತಿನ್ನುವ ಅನ್ನದ ಮೇಲೆ ಕುಲದ ಮೇಲುಕೀಳನ್ನು ತೂಗುವವರ ತಕ್ಕಡಿಯನ್ನೇ ಹಿಡಿದು ಅಲುಗಿಸಿದರು. ಆ ವಚನವನ್ನು ನಮ್ಮ ಸಭೆಗಳಲ್ಲಿ ಪೂರ್ತಿಯಾಗಿ ಓದಿದ್ದನ್ನು ನಾನು ಹೆಚ್ಚು ಕೇಳಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುವುದುಂಟು, ಬಲ್ಲವರಿಂದಲೇ ಬರುತ್ತದೆ. ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂದು ಶರಣರೇ ಸಾರಿರುವಾಗ, ಶರಣೆಯರ ವಚನಗಳನ್ನು ಹೆಣ್ಣಿನ ಮಾತೆಂದು ಬೇರೆಯಾಗಿ ಓದುವುದು ಭೇದವನ್ನು ಮರಳಿ ತಂದಂತಲ್ಲವೇ ಎಂದು. ಗಂಭೀರವಾದ ಪ್ರಶ್ನೆಯಿದು. ನಾನು ಕಂಡುಕೊಂಡಷ್ಟನ್ನು ಹೇಳುತ್ತೇನೆ. ಭೇದವಿಲ್ಲವೆಂಬ ಮಾತನ್ನು ಭೇದದ ಭಾರವನ್ನು ಹೊತ್ತವರು ನುಡಿದಾಗ ಅದು ಬಿಡುಗಡೆಯ ಮಾತು. ಭಾರವನ್ನು ಹೊರದವರು ಅದೇ ಮಾತನ್ನು ಎತ್ತಿಕೊಂಡು, ಭೇದವಿಲ್ಲವಾದುದರಿಂದ ನಿಮ್ಮ ಮಾತನ್ನು ಬೇರೆಯಾಗಿ ಕೇಳುವುದಿಲ್ಲ ಎಂದರೆ ಅದು ಬಾಗಿಲು ಹಾಕುವ ಮಾತಾಗುತ್ತದೆ. ಸತ್ಯಕ್ಕನವರ ವಚನ ಒಂದೇ. ಯಾರ ಬಾಯಲ್ಲಿ, ಯಾತಕ್ಕಾಗಿ ಬರುತ್ತದೆ ಎಂಬುದರ ಮೇಲೆ ಅದು ಕೀಲಿಯೂ ಆಗಬಲ್ಲದು, ಬೀಗವೂ ಆಗಬಲ್ಲದು.

ಹೊಸ ಓದಿನವರಿಗೂ ಒಂದು ಮಾತು ಹೇಳಬೇಕಾಗಿದೆ. ಶರಣೆಯರೆಲ್ಲರನ್ನೂ ಒಂದೇ ಬಗೆಯ ಪ್ರತಿಭಟನೆಯ ದನಿಯೆಂದು ಓದಿದರೆ ಹಳೆಯ ತಪ್ಪನ್ನೇ ಇನ್ನೊಂದು ಕಡೆಯಿಂದ ಮಾಡಿದಂತೆ. ಆಚಾರವೇ ಪ್ರಾಣವಾದ ರಾಮೇಶ್ವರಲಿಂಗ ಎಂಬ ಅಂಕಿತದ ಅಕ್ಕಮ್ಮನವರನ್ನು ನೋಡಿರಿ. ನೂರಕ್ಕೂ ಮೀರಿದ ಅವರ ವಚನಗಳ ತುಂಬ ವ್ರತ, ನೇಮ, ಆಚಾರಗಳ ಬಿಗಿ. ಅವರಂತೆಯೇ ನೂರಕ್ಕೂ ಮೀರಿದ ವಚನಗಳುಳ್ಳ ಅಮುಗೆ ರಾಯಮ್ಮನವರು ವೇಷ ತೊಟ್ಟು ಹೊಟ್ಟೆ ಹೊರೆಯುವವರನ್ನು ಯಾವ ದಾಕ್ಷಿಣ್ಯವೂ ಇಲ್ಲದೆ ಬಯ್ಯುತ್ತಾರೆ. ನೀಲಮ್ಮನವರು ಮಾತು ಅಡಗುವ ಬಯಲಿನ ಕಡೆಗೆ ಮುಖ ಮಾಡಿದವರು. ಮೋಳಿಗೆಯ ಮಹಾದೇವಿಯವರು ಸತಿಧರ್ಮದ ಒಳಗೆ ನಿಂತೇ ಪತಿಗೆ ಅರಿವಿನ ದಾರಿಯನ್ನು ತೋರಿದರು. ಇವರಲ್ಲಿ ತಮಗೆ ಒಗ್ಗುವವರನ್ನು ಇಟ್ಟುಕೊಂಡು, ಅಕ್ಕಮ್ಮನವರ ಹಾಳಿ ಬಂದಾಗ ಕೆಮ್ಮಿ ಮುಂದೆ ಹೋಗುವ ಹೊಸ ಓದುಗನಿಗೂ ನಮ್ಮ ದೊಡ್ಡಪ್ಪನವರಿಗೂ ನನಗೆ ಹೆಚ್ಚು ಅಂತರ ಕಾಣುವುದಿಲ್ಲ.

ಈಗ ಸಂಕವ್ವೆಯವರ ಮಾತು. ನಿರ್ಲಜ್ಜೇಶ್ವರ ಎಂಬುದು ಅವರ ಅಂಕಿತ. ದೊರೆತಿರುವುದು ಒಂದೇ ವಚನ. ಅವರ ಹೆಸರಿನ ಹಿಂದಿರುವ ಪದವನ್ನು ನಾವು ಬೈಗುಳವೆಂದು ಕೇಳುತ್ತೇವೆ. ಆದರೆ ಅಂಬಿಗರ, ಮಡಿವಾಳ, ಹಡಪದ, ಆಯ್ದಕ್ಕಿ ಎಂಬ ಪದಗಳಂತೆ ಅದೂ ಒಂದು ಜೀವನೋಪಾಯದ ಗುರುತಾಗಿಯೇ ಅಲ್ಲಿ ಬಂದಿದೆ. ಅವರು ಅದನ್ನು ಮರೆಮಾಚಲಿಲ್ಲ. ಅವರ ವಚನವನ್ನು ಕಾಪಾಡಿಕೊಂಡು ಬಂದ ಓಲೆಕಾರರೂ ಮರೆಮಾಚಲಿಲ್ಲ. ಮರೆಮಾಚಿದವರು ಅಚ್ಚಿನ ಪುಸ್ತಕವನ್ನು ಕೈಯಲ್ಲಿ ಹಿಡಿದ ನಾವು. ಒಬ್ಬರಿಂದ ಒತ್ತೆ ಪಡೆದ ಮೇಲೆ ಇನ್ನೊಬ್ಬರಿಂದ ಪಡೆಯಬಾರದೆಂಬ ತಮ್ಮ ವೃತ್ತಿಯ ಕಟ್ಟಳೆಯನ್ನೇ ಆಧಾರವಾಗಿಟ್ಟು, ಹಿಡಿದ ವ್ರತಕ್ಕೆ ತಪ್ಪಿದರೆ ಆಗುವ ದಂಡನೆಯನ್ನು ಅವರು ನುಡಿದಿದ್ದಾರೆ. ರೆಮ್ಮವ್ವೆಯವರಿಗೆ ರಾಟೆ ಹೇಗೋ ಇವರಿಗೆ ಆ ಕಟ್ಟಳೆ ಹಾಗೆ. ತಮ್ಮ ಬಾಳಿನಿಂದಲೇ ಎತ್ತಿಕೊಂಡ ದೃಷ್ಟಾಂತ. ಲಜ್ಜೆಯನ್ನು ಹೊರಿಸಿದ ಲೋಕದ ಎದುರಿಗೆ ತಮ್ಮ ದೇವರನ್ನು ನಿರ್ಲಜ್ಜೇಶ್ವರನೆಂದು ಕರೆದ ಧೈರ್ಯವನ್ನು ಏನೆಂದು ಹೇಳಲಿ! ಎಷ್ಟು ವಚನಗಳನ್ನು ಅವರು ನುಡಿದಿದ್ದರೋ, ಎಷ್ಟನ್ನು ಯಾರ ಕೈ ಕೆಳಗಿಟ್ಟಿತೋ, ಒಂದು ಉಳಿಯಿತು. ಆ ಒಂದನ್ನೂ ನಾನು ಹಲವು ಶ್ರಾವಣಗಳಲ್ಲಿ ಕೆಮ್ಮಿನ ಹಿಂದೆ ಅಡಗಿಸಿದೆ.

ಹೊರಗಿನವರು ನಮಗಿಂತ ಮುಂದಾದರು ಎಂದರೆ ಬೇಸರಪಡಬಾರದು. ಎ. ಕೆ. ರಾಮಾನುಜನ್ನರು 1973ರಲ್ಲಿ ಇಂಗ್ಲಿಷಿಗೆ ತಂದ ವಚನಗಳ ಪುಸ್ತಕದಿಂದ ಲೋಕವೆಲ್ಲ ನಮ್ಮ ಶರಣರನ್ನು ಅರಿಯಿತು. ಅಲ್ಲಿ ಬಸವಣ್ಣ, ದಾಸಿಮಯ್ಯ, ಅಲ್ಲಮರ ಜೊತೆಗೆ ಸ್ತ್ರೀಯರಲ್ಲಿ ಮಹಾದೇವಿಯಕ್ಕನವರೊಬ್ಬರೇ ಇದ್ದಾರೆ. ಅಂದಿನಿಂದ ಹೊರನಾಡಿನ ಓದುಗರಿಗೆ ಶರಣೆ ಎಂದರೆ ಅಕ್ಕ ಎಂದಾಯಿತು. 1991ರಲ್ಲಿ ಸೂಸಿ ತಾರು ಮತ್ತು ಕೆ. ಲಲಿತಾ ಎಂಬ ಇಬ್ಬರು ವಿದುಷಿಯರು ಭಾರತದ ಹಲವು ಭಾಷೆಗಳ ಸ್ತ್ರೀಯರ ಬರಹಗಳನ್ನು ಸಂಕಲಿಸಿದಾಗ, ಅಕ್ಕನವರ ಜೊತೆಗೆ ಅವರು ಆರಿಸಿಕೊಂಡುದು ಸಂಕವ್ವೆಯವರನ್ನು. ನಮ್ಮ ಮನೆಯಲ್ಲಿ ಅಂಟಿಕೊಂಡಿದ್ದ ಹಾಳಿ ಅಲ್ಲಿ ಬಿಚ್ಚಿಕೊಂಡಿತು.

ಓದುವ ಹೆಣ್ಣುಮಕ್ಕಳು ನಮ್ಮಲ್ಲಿ ಇಲ್ಲದಿರಲಿಲ್ಲ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಕಲಿತು ಬೆಳೆದವರು. ಕನ್ನಡವನ್ನು ಆಮೇಲೆ ತಾವಾಗಿ ಒಲಿಸಿಕೊಂಡು ಸಿದ್ಧರಾಮೇಶ್ವರ ಪುರಾಣವನ್ನು ರಚಿಸಿದರು, ವಚನಗಳನ್ನು ಮರಾಠಿಗೆ ಕೊಟ್ಟರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆ. ಅಂಥವರು ಸಾವಿರಕ್ಕೊಬ್ಬರು, ನಿಜ. ಆದರೆ ಎಷ್ಟು ಮನೆಗಳಲ್ಲಿ ವಚನದ ಪುಸ್ತಕವು ಜಗುಲಿಯ ಮೇಲೆ, ವಿಭೂತಿಯ ಗಟ್ಟಿಯ ಪಕ್ಕದಲ್ಲಿ, ವಸ್ತ್ರದಲ್ಲಿ ಸುತ್ತಿ ಇಡಲ್ಪಟ್ಟು, ಗಂಡಸರ ಕೈಯಿಂದಲೇ ಬಿಚ್ಚಲ್ಪಡುತ್ತದೆ! ಹೆಣ್ಣುಮಕ್ಕಳು ಕೇಳುವವರು, ಆರಿಸುವವರಲ್ಲ. ಯಾವ ಹಾಳಿ ಓದಬೇಕೆಂಬುದನ್ನು ಓದುವವನೇ ನಿಶ್ಚಯಿಸುತ್ತಾನೆ.

ಕಳೆದ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಪುಸ್ತಕವನ್ನು ಅಕ್ಕನ ಕೈಗೆ ಕೊಟ್ಟೆವು. ನಾನು ಬತ್ತಿ ಹೊಸೆಯುತ್ತ ಕುಳಿತೆ. ಆ ಕೆಲಸ ನೋಡಿದಷ್ಟು ಸುಲಭವಲ್ಲ. ಅಕ್ಕ ಮೊದಲಿನಿಂದ ಆರಂಭಿಸಿ, ಒಂದನ್ನೂ ಬಿಡದೆ, ದಿನಕ್ಕೆ ಹತ್ತು ಹನ್ನೆರಡರಂತೆ ಓದುತ್ತ ಹೋದಳು. ಸಂಕವ್ವೆಯವರ ವಚನ ಬಂದ ದಿನ ಹೆಸರನ್ನು ಇದ್ದಂತೆಯೇ ಓದಿದಳು; ದನಿಯಲ್ಲಿ ಏರುಪೇರಿಲ್ಲ. ನಮ್ಮ ಮೊಮ್ಮಗಳು, ಹನ್ನೆರಡು ವರ್ಷದವಳು, ಒತ್ತೆ ಎಂದರೇನಮ್ಮ ಎಂ­ದು ಕೇಳಿದಳು. ಮುಂಗಡ ಹಣ ಎಂದಳು ಅಕ್ಕ. ಮಗು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಅವರು ಕೊಟ್ಟ ಮಾತಿಗೆ ತಪ್ಪಬಾರದು ಎನ್ನುತ್ತಿದ್ದಾರೆಯೇ ಎಂದಿತು. ಹೌದವ್ವ ಎಂದು ಅಕ್ಕ ಮುಂದಿನ ವಚನಕ್ಕೆ ಹೋದಳು. ಅಷ್ಟೇ ಆದುದು. ಮರುದಿನ ಅಮುಗೆ ರಾಯಮ್ಮನವರ ಸರದಿ ಬಂತು. ವೇಷಧಾರಿಗಳನ್ನು ಬಯ್ಯುವ ಕಡೆ ಅಕ್ಕ ಒಮ್ಮೆ ಕಣ್ಣೆತ್ತಿ ನನ್ನ ಕಡೆಗೆ ನೋಡಿ, ಮತ್ತೆ ಓದತೊಡಗಿದಳು.